ಅಪರೂಪದ ಅತಿಥಿ ಹಕ್ಕಿ ಕಂಡಾಗ: ನೋಡುವ, ಗುರುತಿಸುವ, ಚಿತ್ರ ತೆಗೆಯುವ ಕ್ರಮ

ವಲಸೆ ಹಕ್ಕಿ ಬೇರೆ, ದಾರಿ ತಪ್ಪಿ ಬಂದ ಹಕ್ಕಿ ಬೇರೆ. ಪ್ರತಿವರ್ಷ ಅದೇ ಕಾಲಕ್ಕೆ, ಅದೇ ಹಾದಿಯಲ್ಲಿ ಬಂದುಹೋಗುವ ಬಾತು, ಉಲ್ಲಂಕಿ, ಸಿಪಿಲೆಗಳು ವಲಸಿಗರು. ತನ್ನ ಜಾತಿಯ ಹಕ್ಕಿಗಳು ಎಂದೂ ಹಾಯದ ಕಡೆ ಒಂಟಿಯಾಗಿ ಬಂದಿಳಿದದ್ದು ಅಪರೂಪದ ಅತಿಥಿ. ಮೊದಲನೆಯದಕ್ಕೆ ಕಾಯಬಹುದು. ಎರಡನೆಯದಕ್ಕೆ ಕಾಯುವುದು ಸಾಧ್ಯವಿಲ್ಲ. ಅದು ಬಂದಾಗ ನಾವು ಸಿದ್ಧರಾಗಿರಬೇಕಷ್ಟೆ. ಈ ಲೇಖನ ಆ ಸಿದ್ಧತೆಯನ್ನು ಕುರಿತದ್ದು. ಹಕ್ಕಿ ಕಣ್ಣಿಗೆ ಬೀಳುವುದಕ್ಕೆ ಮುಂಚಿನ ಕೆಲಸ, ಬಿದ್ದ ಮೊದಲ ಐದು ನಿಮಿಷದ ಕೆಲಸ, ಅದು ಹಾರಿಹೋದ ಮೇಲಿನ ಕೆಲಸ ಎಂದು ಮೂರು ಪಾಲು ಮಾಡಿಕೊಂಡರೆ, ಮೊದಲ ಪಾಲೇ ಎಲ್ಲಕ್ಕಿಂತ ದೊಡ್ಡದು. ಹೆಚ್ಚಿನವರು ಬಿಟ್ಟುಬಿಡುವುದೂ ಅದನ್ನೇ.

ಮೊದಲ ಹೆಜ್ಜೆ: ಅವು ಏಕೆ ಬರುತ್ತವೆ ಎಂಬುದನ್ನು ತಿಳಿಯುವುದು

ಕಾರಣ ಗೊತ್ತಿದ್ದರೆ ಎಲ್ಲಿ, ಯಾವಾಗ ಹುಡುಕಬೇಕೆಂಬುದು ತಾನಾಗಿಯೇ ಹೊಳೆಯುತ್ತದೆ. ಸಣ್ಣ ಹಾಡುಹಕ್ಕಿಗಳಲ್ಲಿ ಅನೇಕವು ರಾತ್ರಿಯ ಹೊತ್ತು ಪಯಣಿಸುತ್ತವೆ, ಮತ್ತು ಆ ವರ್ಷವಷ್ಟೇ ಹುಟ್ಟಿದ ಮರಿಗೆ ದಾರಿ ತೋರಲು ತಾಯಿತಂದೆಗಳು ಜೊತೆಯಲ್ಲಿರುವುದಿಲ್ಲ. ಯಾವ ದಿಕ್ಕಿಗೆ ಹಾರಬೇಕು, ಸುಮಾರು ಎಷ್ಟು ದಿನ ಹಾರಬೇಕು ಎಂಬುದು ಅದಕ್ಕೆ ಹುಟ್ಟಿನಿಂದಲೇ ಬಂದಿರುತ್ತದೆ. ತಾನೀಗ ಎಲ್ಲಿದ್ದೇನೆ, ಅಲ್ಲಿಂದ ದಿಕ್ಕನ್ನು ಹೇಗೆ ತಿದ್ದಿಕೊಳ್ಳಬೇಕು ಎಂಬುದು ಮಾತ್ರ ಅನುಭವದಿಂದ ಬರಬೇಕಾದದ್ದು. ಡಚ್ ವಿಜ್ಞಾನಿ ಪರ್ಡೆಕ್ 1958ರಲ್ಲಿ ಪ್ರಕಟಿಸಿದ ಪ್ರಯೋಗ ಇದನ್ನು ಕಣ್ಣಿಗೆ ಕಟ್ಟುವಂತೆ ತೋರಿಸಿತು. ನೆದರ್ಲೆಂಡ್ಸ್‌ನಲ್ಲಿ ಹಿಡಿದ 11,000ಕ್ಕೂ ಹೆಚ್ಚು ಸ್ಟಾರ್ಲಿಂಗ್ ಹಕ್ಕಿಗಳನ್ನು ಸ್ವಿಟ್ಜರ್ಲೆಂಡಿಗೆ ಸಾಗಿಸಿ ಬಿಟ್ಟಾಗ, ಹಿರಿಯ ಹಕ್ಕಿಗಳು ದಿಕ್ಕು ತಿದ್ದಿಕೊಂಡು ತಮ್ಮ ಮಾಮೂಲಿ ಚಳಿಗಾಲದ ನೆಲೆಯತ್ತ ಹೊರಟವು. ಎಳೆಯವು ಹಿಡಿದ ದಿಕ್ಕನ್ನೇ ಬಿಡದೆ ಹಾರಿ ದಕ್ಷಿಣ ಫ್ರಾನ್ಸ್, ಸ್ಪೇನ್ ಕಡೆ ಸೇರಿದವು. ದಾರಿ ತಪ್ಪಿ ಬರುವ ಹಕ್ಕಿಗಳಲ್ಲಿ ಎಳೆಯವೇ ಹೆಚ್ಚಾಗಿ ಕಾಣುವುದಕ್ಕೆ ಇದೊಂದು ಮುಖ್ಯ ಕಾರಣ. ಆದ್ದರಿಂದ ಪುಸ್ತಕದಲ್ಲಿ ಗಂಡುಹಕ್ಕಿಯ ಬಣ್ಣದ ಚಿತ್ರವನ್ನು ಮಾತ್ರ ನೋಡಿ ಪುಟ ತಿರುಗಿಸುವ ಅಭ್ಯಾಸವನ್ನು ಬಿಡಬೇಕು. ನಿಮಗೆ ಎದುರಾಗುವುದು ಬಹುಮಟ್ಟಿಗೆ ಮಂಕು ಕಂದು ಬಣ್ಣದ, ಮೊದಲ ಚಳಿಗಾಲದ ಮರಿ.

ಮಿಕ್ಕ ಕಾರಣಗಳು ಸರಳ. ಅಡ್ಡಗಾಳಿ ಹಕ್ಕಿಯನ್ನು ಹಾದಿಯಿಂದ ಪಕ್ಕಕ್ಕೆ ತಳ್ಳುತ್ತದೆ. ಚಂಡಮಾರುತ ನಡುಗಡಲಿನ ಹಕ್ಕಿಗಳನ್ನು ಒಳನಾಡಿನ ಕೆರೆಗಳಿಗೆ ತಂದು ಚೆಲ್ಲುತ್ತದೆ. ವಸಂತದಲ್ಲಿ ಮರಿ ಮಾಡುವ ನೆಲೆಗೆ ಹಿಂದಿರುಗುವ ಹಕ್ಕಿ ಒಳ್ಳೆಯ ಗಾಳಿಯ ಹುಮ್ಮಸ್ಸಿನಲ್ಲಿ ತನ್ನ ಊರನ್ನು ದಾಟಿ ಮುಂದೆ ಹೋಗಿಬಿಡುತ್ತದೆ. ಕೆಲವು ಎಳೆಯವು ಹೋಗಬೇಕಾದ ದಿಕ್ಕಿಗೆ ನೇರ ವಿರುದ್ಧವಾಗಿ ಹೊರಡುವುದೂ ಉಂಟು.

ಎರಡನೆಯ ಹೆಜ್ಜೆ: ಮಾಮೂಲಿ ಹಕ್ಕಿಗಳನ್ನು ಬಾಯಿಪಾಠ ಮಾಡುವುದು

ಅಪರೂಪದ ಹಕ್ಕಿಯನ್ನು ಪತ್ತೆ ಮಾಡುವವರು ಅಪರೂಪದ ಹಕ್ಕಿಗಳನ್ನು ಹೆಚ್ಚು ಓದಿಕೊಂಡವರಲ್ಲ, ಮಾಮೂಲಿ ಹಕ್ಕಿಗಳನ್ನು ಸಾವಿರ ಸಲ ನೋಡಿದವರು. ಇನ್ನೂರು ಉಲ್ಲಂಕಿಗಳ ಗುಂಪಿನಲ್ಲಿ ಒಂದು ಬೇರೆಯದು ಇದೆ ಎಂದು ಮೊದಲು ಹೇಳುವುದು ಬುದ್ಧಿಯಲ್ಲ, ಕಣ್ಣು. ನೂರ ತೊಂಬತ್ತೊಂಬತ್ತನ್ನು ಅದು ಪ್ರಶ್ನೆಯಿಲ್ಲದೆ ದಾಟಿ ಒಂದರ ಮೇಲೆ ನಿಂತುಬಿಡುತ್ತದೆ. ಏಕೆ ನಿಂತಿತೆಂಬುದಕ್ಕೆ ಉತ್ತರ ಹುಡುಕುವುದು ಆಮೇಲಿನ ಕೆಲಸ.

ಆ ಕಣ್ಣು ಬರಬೇಕಾದರೆ ಒಂದೇ ಜಾಗಕ್ಕೆ ಮತ್ತೆ ಮತ್ತೆ ಹೋಗಬೇಕು. ನಡೆದುಹೋಗುವಷ್ಟು ದೂರದಲ್ಲಿರುವ ಒಂದು ಕೆರೆಯೋ ಗದ್ದೆಬಯಲೋ ಕುರುಚಲು ಕಾಡೋ ಇದ್ದರೆ ಸಾಕು. ವಾರಕ್ಕೊಮ್ಮೆ, ವರ್ಷಪೂರ್ತಿ, ಕಂಡದ್ದನ್ನೆಲ್ಲ ಸಂಖ್ಯೆಯೊಡನೆ ಬರೆದಿಡಿ. ಅಲ್ಲಿನ ಪ್ರತಿ ಸಾಮಾನ್ಯ ಹಕ್ಕಿಯ ಎಳೆಯ ರೂಪ, ಗರಿ ಉದುರಿಸುವ ಕಾಲದ ಹರಕು ರೂಪ, ಹಾರುವಾಗ ಕಾಣುವ ಸೊಂಟದ (ಬಾಲದ ಬುಡದ ಮೇಲ್ಭಾಗದ) ಬಣ್ಣ, ಬೆದರಿದಾಗಿನ ಕೂಗು, ಇವಿಷ್ಟೂ ತಿಳಿದಿರಬೇಕು. ಬಣ್ಣಗೇಡಿನ ಹಕ್ಕಿಗಳೂ ಇರುತ್ತವೆ: ವರ್ಣಕದ ಕೊರತೆಯಿಂದ ಅಲ್ಲಲ್ಲಿ ಬಿಳಿ ಗರಿ ಮೂಡಿದ ಮಾಮೂಲಿ ಹಕ್ಕಿಯನ್ನು ಹೊಸ ಜಾತಿಯೆಂದು ಸಂಭ್ರಮಪಟ್ಟು ಆಮೇಲೆ ಸಪ್ಪಗಾದವರು ಹಕ್ಕಿ ನೋಡುವವರಲ್ಲಿ ಬೇಕಾದಷ್ಟು ಮಂದಿ. ನಾನೂ ಅವರಲ್ಲೊಬ್ಬ.

ಕೂಗುಗಳನ್ನು ಕಲಿಯುವುದಕ್ಕೆ 2005ರಲ್ಲಿ ಆರಂಭವಾದ ಕ್ಸೀನೋ-ಕ್ಯಾಂಟೋ ಎಂಬ ಧ್ವನಿಸಂಗ್ರಹವನ್ನು ಬಳಸಬಹುದು. ಫೋನಿನ ಮರ್ಲಿನ್ ಆ್ಯಪ್ ಕೂಗು ಕೇಳಿ ಹೆಸರು ಸೂಚಿಸುತ್ತದೆ, ಆದರೆ ಅದು ಸೂಚನೆಯಷ್ಟೇ. ಅಪರೂಪದ ಹೆಸರನ್ನು ಅದು ತೋರಿಸಿದರೆ ಹಕ್ಕಿಯನ್ನು ಕಣ್ಣಾರೆ ಕಾಣುವವರೆಗೆ, ಇಲ್ಲವೇ ಧ್ವನಿಮುದ್ರಣವನ್ನು ಬಲ್ಲವರು ಕೇಳುವವರೆಗೆ ನಂಬಬೇಡಿ.

ಮೂರನೆಯ ಹೆಜ್ಜೆ: ಸ್ಥಳ ಮತ್ತು ಕಾಲ

ಶರತ್ಕಾಲದ ವಲಸೆಯ ಹೊತ್ತಿನಲ್ಲಿ ಎಳೆಯ ಹಕ್ಕಿಗಳು ಹೆಚ್ಚಾಗಿ ಹೊರಟಿರುವುದರಿಂದ ಉತ್ತರ ಗೋಳಾರ್ಧದಲ್ಲಿ ಸೆಪ್ಟೆಂಬರಿನಿಂದ ನವೆಂಬರಿನವರೆಗಿನ ವಾರಗಳು ಹುಡುಕಾಟಕ್ಕೆ ಹೇಳಿ ಮಾಡಿಸಿದಂಥವು. ರಾತ್ರಿ ಮಳೆ ಹಿಡಿದು ಬೆಳಗಿನ ಜಾವ ಮಂಜು ಮುಸುಕಿದರೆ ಹಾರುತ್ತಿದ್ದ ಹಕ್ಕಿಗಳು ಸಿಕ್ಕಿದಲ್ಲಿ ಇಳಿಯುತ್ತವೆ. ಅಂಥ ಬೆಳಗನ್ನು ಹಾಸಿಗೆಯಲ್ಲಿ ಕಳೆಯಬಾರದು. ನೀರಿನ ನಡುವಿನ ನೆಲ, ಬಯಲಿನ ನಡುವಿನ ಮರದ ತೋಪು, ಕಡಲಿಗೆ ಚಾಚಿದ ಭೂಶಿರ, ಸಣ್ಣ ದ್ವೀಪ, ಹೀಗೆ ಸುತ್ತಲಿನದಕ್ಕಿಂತ ಬೇರೆಯಾಗಿ ನಿಲ್ಲುವ ಜಾಗಗಳು ದಣಿದ ಹಕ್ಕಿಯನ್ನು ಸೆಳೆಯುತ್ತವೆ. ಚಂಡಮಾರುತ ಕಳೆದ ಮೇಲೆ, ಗಾಳಿ ಇಳಿದು ಹೊರಗೆ ಹೋಗುವುದು ಸುರಕ್ಷಿತವೆನಿಸಿದ ಕೂಡಲೇ, ಒಳನಾಡಿನ ದೊಡ್ಡ ಜಲಾಶಯಗಳನ್ನು ನೋಡಬೇಕು. ಕಡಲಹಕ್ಕಿಗಳು ಅಲ್ಲಿ ಉಳಿಯುವುದು ಒಂದೆರಡು ದಿನ ಮಾತ್ರ.

ಕರಾವಳಿಯ ಕೆಸರುಬಯಲಿನಲ್ಲಿ ಗಡಿಯಾರಕ್ಕಿಂತ ಭರತ ಇಳಿತದ ಪಟ್ಟಿ ಮುಖ್ಯ. ಇಳಿತದಲ್ಲಿ ಹಕ್ಕಿಗಳು ಮೈಲುಗಟ್ಟಲೆ ಹರಡಿ ಚುಕ್ಕೆಗಳಾಗಿರುತ್ತವೆ. ನೀರು ಏರಿದಂತೆ ಅವು ದಡದ ಎತ್ತರದ ಜಾಗಕ್ಕೆ ಒತ್ತೊತ್ತಾಗಿ ಬಂದು ಸೇರುತ್ತವೆ. ಪೂರ್ಣ ಭರತಕ್ಕೆ ಎರಡು ಗಂಟೆ ಮೊದಲೇ ಹೋಗಿ ದೂರದಲ್ಲಿ ಅಲುಗಾಡದೆ ಕುಳಿತವರ ಬಳಿಗೆ ಹಕ್ಕಿಗಳೇ ಬರುತ್ತವೆ. ಭರತ ತುಂಬಿದ ಮೇಲೆ ನಡೆದು ಹೋದವರು ಅವನ್ನು ಎಬ್ಬಿಸುತ್ತಾರೆ, ಎದ್ದ ಹಕ್ಕಿಗಳಿಗೆ ಆಗ ಕೂರಲು ಬೇರೆ ನೆಲವೇ ಇರುವುದಿಲ್ಲ.

ನಾಲ್ಕನೆಯ ಹೆಜ್ಜೆ: ಉಪಕರಣವನ್ನು ಮನೆಯಲ್ಲೇ ಹೊಂದಿಸಿಕೊಳ್ಳುವುದು

ಕ್ಯಾಮೆರಾಕ್ಕಿಂತ ಮೊದಲು ದುರ್ಬೀನು ಬೇಕು. 8×42 ಎಂದರೆ ಎಂಟು ಪಟ್ಟು ಹಿಗ್ಗಿಸುವ, ಎದುರು ಮಸೂರ 42 ಮಿ.ಮೀ. ಅಗಲವಿರುವ ದುರ್ಬೀನು. ಎರಡನೆಯ ಸಂಖ್ಯೆಯನ್ನು ಮೊದಲನೆಯದರಿಂದ ಭಾಗಿಸಿದರೆ ಕಣ್ಣಿಗೆ ತಲುಪುವ ಬೆಳಕಿನ ಕಂಬದ ಅಗಲ ಸಿಗುತ್ತದೆ: 8×42ರಲ್ಲಿ 5.25 ಮಿ.ಮೀ., 10×42ರಲ್ಲಿ 4.2. ನಸುಕಿನಲ್ಲಿ ಮತ್ತು ಪೊದೆಯ ನೆರಳಿನಲ್ಲಿ ಆ ಒಂದು ಮಿಲಿಮೀಟರು ಚೆನ್ನಾಗಿಯೇ ತಿಳಿಯುತ್ತದೆ. ಎಂಟು ಪಟ್ಟಿನದರಲ್ಲಿ ನೋಟದ ಹರವು ಹೆಚ್ಚು, ಕೈನಡುಕ ಕಡಿಮೆ. ಹೊಸಬರಿಗೆ ನಾನು ಹತ್ತರ ಬದಲು ಎಂಟನ್ನೇ ಹೇಳುತ್ತೇನೆ. ಹೆಚ್ಚಿನ ದುರ್ಬೀನುಗಳ ಬಲಗಣ್ಣಿನ ಕೊಳವೆಯಲ್ಲಿ ಎರಡು ಕಣ್ಣಿನ ವ್ಯತ್ಯಾಸವನ್ನು ಸರಿದೂಗಿಸುವ ಬಳೆಯೊಂದಿರುತ್ತದೆ. ಬಲಗಣ್ಣು ಮುಚ್ಚಿ ನಡುವಿನ ಚಕ್ರದಿಂದ ದೂರದ ಒಂದು ಬರಹವನ್ನು ಎಡಗಣ್ಣಿಗೆ ಸ್ಪಷ್ಟ ಮಾಡಿಕೊಳ್ಳಿ. ಆಮೇಲೆ ಎಡಗಣ್ಣು ಮುಚ್ಚಿ, ಚಕ್ರವನ್ನು ಮುಟ್ಟದೆ, ಆ ಬಳೆಯನ್ನು ಮಾತ್ರ ತಿರುಗಿಸಿ ಅದೇ ಬರಹವನ್ನು ಬಲಗಣ್ಣಿಗೆ ಸ್ಪಷ್ಟ ಮಾಡಿಕೊಳ್ಳಿ. ಒಮ್ಮೆ ಮಾಡಿಕೊಂಡರೆ ಮುಗಿಯಿತು. ಇದನ್ನು ಮಾಡದೆಯೇ ವರ್ಷಗಟ್ಟಲೆ ತಲೆನೋವು ಅನುಭವಿಸಿ ದುರ್ಬೀನನ್ನೇ ದೂರಿದವರನ್ನು ಕಂಡಿದ್ದೇನೆ.

ಕ್ಯಾಮೆರಾದ ವಿಷಯದಲ್ಲಿ 400ರಿಂದ 600 ಮಿ.ಮೀ. ನಾಭಿದೂರದ ಲೆನ್ಸ್ ಇದ್ದರೆ ಸಾಕಷ್ಟಾಯಿತು. ಅದಿಲ್ಲದವರು ಸ್ಪಾಟಿಂಗ್ ಸ್ಕೋಪಿನ (ಒಂದೇ ಕಣ್ಣಿನಿಂದ ದೂರದ್ದನ್ನು ನೋಡುವ ಸಣ್ಣ ದೂರದರ್ಶಕದ) ಕಣ್ಣಿಗೆ ಫೋನ್ ಹಿಡಿದು ತೆಗೆದ ಚಿತ್ರವೂ ಗುರುತಿಸುವಿಕೆಗೆ ಸಾಕಾಗುತ್ತದೆ, ಎಷ್ಟೋ ಸಲ ದೂರದ ಜಲಪಕ್ಷಿಗಳಿಗೆ ಅದೇ ಮೇಲು. ಮನೆಯಿಂದ ಹೊರಡುವಾಗಲೇ ಕ್ಯಾಮೆರಾ ಕೆಲಸಕ್ಕೆ ಅಣಿಯಾಗಿರಲಿ. ಷಟರ್ (ಬೆಳಕು ಒಳಬರುವ ಅವಧಿ) 1/1000 ಸೆಕೆಂಡ್, ಅಪರ್ಚರ್ (ಲೆನ್ಸಿನ ಕಿಂಡಿಯ ಅಗಲ) ಎಫ್/5.6ರಿಂದ ಎಫ್/8ರೊಳಗೆ, ಐಎಸ್ಒ (ಬೆಳಕಿಗೆ ಕ್ಯಾಮೆರಾದ ಸಂವೇದನೆ) ಸ್ವಯಂಚಾಲಿತ, ಫೋಕಸ್ ನಿರಂತರ, ಕಡತ ರಾ ರೂಪದಲ್ಲಿ, ಅಂದರೆ ಕ್ಯಾಮೆರಾ ಸಂಸ್ಕರಿಸದ ಮೂಲ ರೂಪದಲ್ಲಿ. ಹಾರುವ ಹಕ್ಕಿಗೆ ಷಟರ್ 1/2000 ಅಥವಾ ಅದಕ್ಕೂ ವೇಗ ಬೇಕು; ಕೂತು ಒರಗುತ್ತಿರುವುದಕ್ಕೆ 1/500ಕ್ಕೆ ಇಳಿಸಬಹುದು. ಗಡಿಯಾರದ ದಿನಾಂಕ, ಸಮಯ ಸರಿಯಾಗಿವೆಯೇ ಎಂದು ನೋಡಿಕೊಳ್ಳಿ, ದೂರದ ದೇಶಕ್ಕೆ ಹೋದಾಗ ಕಾಲವಲಯವನ್ನೂ ಸಹ. ಹಿಂದಿನ ಸಂಜೆ ಸೂರ್ಯಾಸ್ತಕ್ಕೆಂದು ಇಟ್ಟಿದ್ದ 1/60ರಲ್ಲೇ ಮರುದಿನ ಬೆಳಿಗ್ಗೆ ಪೊದೆಯಲ್ಲಿ ಸುಳಿದ ಒಂದು ಉಲಿಯಕ್ಕಿಯ (ವಾರ್ಬ್ಲರ್) ಹನ್ನೆರಡು ಚಿತ್ರ ತೆಗೆದೆ. ಹನ್ನೆರಡೂ ಹಸಿರು ಮಬ್ಬು. ಅದು ಯಾವ ಉಲಿಯಕ್ಕಿ ಎಂಬುದು ಇಂದಿಗೂ ತೀರ್ಮಾನವಾಗಿಲ್ಲ. ಅಂದಿನಿಂದ ಕ್ಯಾಮೆರಾವನ್ನು ಚೀಲಕ್ಕೆ ಹಾಕುವ ಮುನ್ನ ಸೆಟ್ಟಿಂಗ್ ಹಿಂದಿರುಗಿಸುವುದು ಅಭ್ಯಾಸವಾಗಿದೆ.

ಐದನೆಯ ಹೆಜ್ಜೆ: ಹಕ್ಕಿ ಕಂಡ ಮೊದಲ ನಿಮಿಷಗಳು

ನಿಂತಲ್ಲೇ ನಿಲ್ಲಿ. ಹತ್ತಿರ ಹೋಗುವ ಆಸೆಯನ್ನು ಹತ್ತು ನಿಮಿಷ ತಡೆಹಿಡಿದು, ಎಷ್ಟೇ ದೂರವಿದ್ದರೂ ಅಲ್ಲಿಂದಲೇ ಹತ್ತಾರು ಚಿತ್ರ ತೆಗೆದುಬಿಡಿ. ಅವು ಸುಂದರವಾಗಿರಬೇಕಾಗಿಲ್ಲ. ಹಕ್ಕಿ ಮರುಕ್ಷಣ ಹಾರಿಹೋದರೆ ನಿಮ್ಮ ಕೈಯಲ್ಲಿ ಉಳಿಯುವ ಸಾಕ್ಷ್ಯ ಅವೇ. ಪುಕ್ಕದ ಗೆರೆಗೆರೆ ಕಾಣುವ ಚಿತ್ರಕ್ಕಾಗಿ ಮೊದಲ ಚಿತ್ರವನ್ನೇ ತೆಗೆಯದೆ ಬರಿಗೈಯಲ್ಲಿ ಮರಳಿದವರ ಕಥೆಗಳಿಗೆ ಕೊನೆಯಿಲ್ಲ.

ಆಮೇಲೆ ಕ್ಯಾಮೆರಾ ಇಳಿಸಿ, ದುರ್ಬೀನಿನಲ್ಲಿ ನೋಡುತ್ತ ಟಿಪ್ಪಣಿ ಬರೆಯಿರಿ, ಇಲ್ಲವೇ ಫೋನಿಗೆ ಹೇಳುತ್ತ ಹೋಗಿ. ಪುಸ್ತಕವನ್ನು ಈಗ ತೆರೆಯಬಾರದು. ಇದನ್ನು ಒತ್ತಿ ಹೇಳುತ್ತೇನೆ, ಏಕೆಂದರೆ ಪುಸ್ತಕದ ಚಿತ್ರ ನೋಡಿದ ಮರುಕ್ಷಣ ನೆನಪು ಆ ಚಿತ್ರದ ಬಣ್ಣ ಬಳಿದುಕೊಳ್ಳುತ್ತದೆ, ಮತ್ತು ಕಾಣದಿದ್ದ ಗುರುತೂ ಕಂಡಂತೆ ತೋರತೊಡಗುತ್ತದೆ. ಗಾತ್ರವನ್ನು ಪಕ್ಕದ ಪರಿಚಿತ ಹಕ್ಕಿಗೆ ಹೋಲಿಸಿ ಬರೆಯಿರಿ. ಕೊಕ್ಕಿನ ಉದ್ದ ತಲೆಯ ಉದ್ದಕ್ಕಿಂತ ಹೆಚ್ಚೋ ಕಡಿಮೆಯೋ, ಅದು ನೇರವೋ ಬಾಗಿದೆಯೋ. ಹುಬ್ಬಿನ ಗೆರೆ ಕಣ್ಣಿನ ಹಿಂದೆ ಎಲ್ಲಿಯವರೆಗೆ ಹೋಗುತ್ತದೆ. ರೆಕ್ಕೆಯಲ್ಲಿ ಪಟ್ಟೆಗಳಿವೆಯೇ, ಎಷ್ಟು. ಕೂತಾಗ ರೆಕ್ಕೆಯ ತುದಿ ಬಾಲದ ತುದಿಯನ್ನು ಮೀರುತ್ತದೆಯೇ. ಕಾಲಿನ ಬಣ್ಣ ಯಾವುದು. ಬಾಲ ಕುಣಿಸುತ್ತದೆಯೇ, ಕುಣಿಸಿದರೆ ಮೇಲೆ ಕೆಳಗೋ ಪಕ್ಕಕ್ಕೋ. ಕೊನೆಯದಾಗಿ, ಎಷ್ಟು ದೂರದಿಂದ, ಎಷ್ಟು ಹೊತ್ತು, ಯಾವ ದಿಕ್ಕಿನ ಬೆಳಕಿನಲ್ಲಿ ನೋಡಿದಿರಿ ಎಂಬುದನ್ನೂ ಸೇರಿಸಿ.

ಕಾಲಿನ ಬಣ್ಣದ ಬಗ್ಗೆ ಒಂದು ಪ್ರಸಂಗವನ್ನು ಹೇಳಲೇಬೇಕು. ಕೆರೆಯಂಚಿನ ಕೆಸರಿನಲ್ಲಿ ಪುಟ್ಟ ಉಲ್ಲಂಕಿಗಳು ಮೇಯುತ್ತಿದ್ದವು. ಗುಬ್ಬಿಯಷ್ಟೇ ಗಾತ್ರದ ಈ ಹಕ್ಕಿಗಳಲ್ಲಿ ಲಿಟಲ್ ಸ್ಟಿಂಟ್ ಜಾತಿಗೆ ಕಪ್ಪು ಕಾಲು, ಟೆಮ್ಮಿಂಕ್ಸ್ ಸ್ಟಿಂಟ್ ಜಾತಿಗೆ ಹಳದಿ ಛಾಯೆಯ ಕಾಲು. ಗುಂಪಿನ ಅಂಚಿನಲ್ಲಿದ್ದ ಒಂದು ಮಾತ್ರ ಬೆನ್ನೆಲ್ಲ ಒಂದೇ ಬಗೆಯ ಬೂದುಗಂದು, ಎದೆಗೆ ಮಂಕು ಪಟ್ಟಿ, ಕುಗ್ಗಿಕೊಂಡು ನಿಧಾನವಾಗಿ ಹೆಜ್ಜೆಯಿಡುವ ನಡಿಗೆ. ಎಲ್ಲವೂ ಟೆಮ್ಮಿಂಕ್ಸ್ ಎನ್ನುತ್ತಿದ್ದವು, ಕಾಲು ಮಾತ್ರ ಅಚ್ಚ ಕಪ್ಪು. ಇಪ್ಪತ್ತು ನಿಮಿಷ ನಾನು ಅದಕ್ಕೆ ಬೇರೆ ಬೇರೆ ಅಪರೂಪದ ಹೆಸರುಗಳನ್ನು ಕೊಟ್ಟು ನೋಡಿದೆ. ಆಮೇಲೆ ಹಕ್ಕಿ ತಿಳಿನೀರಿಗೆ ಇಳಿದು, ಎರಡು ಸಲ ಮುಳುಗೆದ್ದು, ರೆಕ್ಕೆ ಕೊಡವಿ ಕಲ್ಲಿನ ಮೇಲೆ ನಿಂತಿತು. ಕೆಸರು ತೊಳೆದುಹೋಗಿ ಹಳದಿ ಕಾಲು ಬಿಸಿಲಿಗೆ ಹೊಳೆಯಿತು. ಒಂದೇ ಗುರುತನ್ನು ನೆಚ್ಚಿಕೊಳ್ಳಬಾರದೆಂದು ಪುಸ್ತಕಗಳೆಲ್ಲ ಹೇಳುತ್ತವೆ. ನನಗೆ ಅದನ್ನು ಕಲಿಸಿದ್ದು ಆ ಸ್ನಾನ.

ಆರನೆಯ ಹೆಜ್ಜೆ: ಹತ್ತಿರ ಹೋಗುವುದು, ಅಥವಾ ಹೋಗದಿರುವುದು

ಬಂದಿಳಿದ ಹಕ್ಕಿ ಎಂಥ ಪಯಣ ಮುಗಿಸಿರಬಹುದೆಂದು ಒಮ್ಮೆ ಯೋಚಿಸಿ. 2022ರ ಅಕ್ಟೋಬರಿನಲ್ಲಿ ಅಲಾಸ್ಕಾದಿಂದ ಹೊರಟ ಬಾರ್-ಟೇಲ್ಡ್ ಗಾಡ್ವಿಟ್ ಎಂಬ ಜೌಗುಹಕ್ಕಿಯ ಎಳೆಯದೊಂದು ಹನ್ನೊಂದು ದಿನ ಎಲ್ಲಿಯೂ ಇಳಿಯದೆ ಸುಮಾರು 13,560 ಕಿ.ಮೀ. ಹಾರಿ ಟಾಸ್ಮೇನಿಯಾ ಮುಟ್ಟಿದ್ದು ಉಪಗ್ರಹ ಟ್ಯಾಗಿನಿಂದ ದಾಖಲಾಗಿದೆ. ಇಂಥ ಹಾರಾಟದ ಇಂಧನ ಮೈಯಲ್ಲಿ ಕೂಡಿಟ್ಟ ಕೊಬ್ಬು. ಅದು ಕರಗಿಹೋದ ಹಕ್ಕಿಗೆ ಮೇಯುವ ಒಂದೊಂದು ನಿಮಿಷವೂ ಬೆಲೆಯುಳ್ಳದ್ದು. ನಾವು ಎಬ್ಬಿಸಿದ ಪ್ರತಿ ಸಲವೂ ಅದರ ಲೆಕ್ಕದಲ್ಲಿ ಖರ್ಚೇ. ಎರಡು ಮೀಟರ್ ಹತ್ತಿರ ಬಿಟ್ಟುಕೊಂಡರೆ ಹಕ್ಕಿ ಸಾಧುವೆಂದು ಅರ್ಥವಲ್ಲ, ಹಾರುವ ತ್ರಾಣವಿಲ್ಲವೆಂದೂ ಆಗಿರಬಹುದು.

ಹಕ್ಕಿಯ ಮೈಭಾಷೆಯನ್ನು ಓದುವುದು ಕಷ್ಟವಲ್ಲ. ಮೇಯುವುದು ನಿಲ್ಲುತ್ತದೆ, ಕತ್ತು ನೀಳವಾಗುತ್ತದೆ, ತಲೆಯನ್ನು ಮೇಲಕ್ಕೂ ಕೆಳಕ್ಕೂ ಆಡಿಸುತ್ತದೆ, ಮೈ ಗಾಳಿಯತ್ತ ತಿರುಗುತ್ತದೆ, ಹಿಕ್ಕೆ ಹಾಕುತ್ತದೆ. ಇವು ಹಾರುವುದರ ಮುನ್ಸೂಚನೆಗಳು. ಮೊದಲನೆಯದು ಕಂಡಾಗಲೇ ನಿಂತು, ಹಕ್ಕಿ ಮತ್ತೆ ಮೇಯತೊಡಗುವವರೆಗೆ ಕಾಯಬೇಕು, ಶುರು ಮಾಡದಿದ್ದರೆ ಹಿಂದಕ್ಕೆ ಸರಿಯಬೇಕು. ಮುಂದೆ ಹೋಗುವುದಾದರೆ ನೇರವಾಗಿ ಅದರತ್ತ ಅಲ್ಲ, ಓರೆಯಾಗಿ, ತಗ್ಗಿ, ಅದರ ಕಡೆಗೆ ದಿಟ್ಟಿಸದೆ. ಆದಷ್ಟೂ ಕುಳಿತುಬಿಡುವುದೇ ಒಳ್ಳೆಯದು: ಹಕ್ಕಿ ಮೇಯುತ್ತ ಯಾವ ದಿಕ್ಕಿಗೆ ಸರಿಯುತ್ತಿದೆಯೆಂದು ನೋಡಿಕೊಂಡು, ಅದಕ್ಕಿಂತ ಬಹಳ ಮುಂದೆ, ಸೂರ್ಯನನ್ನು ಬೆನ್ನಿಗಿಟ್ಟುಕೊಂಡು ಕುಳಿತರೆ ಅದೇ ನಿಮ್ಮ ಬಳಿಗೆ ಬರುತ್ತದೆ. ರಸ್ತೆಬದಿಯಾದರೆ ಕಾರಿನೊಳಗೇ ಇರಿ. ಕಾರಿಗೆ ಹೆದರದ ಹಕ್ಕಿ ಕಾರಿನಿಂದ ಇಳಿದ ಮನುಷ್ಯನಿಗೆ ಹೆದರುತ್ತದೆ.

ಕೂಗಿನ ಧ್ವನಿಮುದ್ರಣ ನುಡಿಸಿ ಸೆಳೆಯುವುದು, ಚೆನ್ನಾಗಿ ಕಾಣಲೆಂದು ಕೊಂಬೆ ಮುರಿಯುವುದು, ಹಾರುವ ಚಿತ್ರಕ್ಕಾಗಿ ಕಲ್ಲೆಸೆದು ಎಬ್ಬಿಸುವುದು ಬೇಡವೇ ಬೇಡ. ಗೂಡಿನ ಬಳಿ ಚಿತ್ರದ ವಿಚಾರವನ್ನೇ ಬಿಟ್ಟುಬಿಡಿ. ಸತ್ತ ಅಥವಾ ಜೋಲುತ್ತಿರುವ ಹಕ್ಕಿ ಕಂಡರೆ ಕೈಯಿಂದ ಮುಟ್ಟಬಾರದು. ಹಕ್ಕಿಜ್ವರದ ಎಚ್5ಎನ್1 ವೈರಾಣು ಕಾಡುಹಕ್ಕಿಗಳಲ್ಲಿ ಜಗತ್ತಿನ ಹಲವೆಡೆ ಹರಡಿರುವುದರಿಂದ ಸ್ಥಳೀಯ ಪಶುವೈದ್ಯ ಅಥವಾ ಅರಣ್ಯ ಅಧಿಕಾರಿಗಳಿಗೆ ತಿಳಿಸುವುದು ಸರಿಯಾದ ದಾರಿ.

ಏಳನೆಯ ಹೆಜ್ಜೆ: ಪುರಾವೆಯಾಗಬಲ್ಲ ಚಿತ್ರಗಳು

ಬೆಳಕು, ಹಿನ್ನೆಲೆ, ಕಣ್ಣಿನ ಮಟ್ಟ ಇವೆಲ್ಲ ಚೆಂದದ ಚಿತ್ರಕ್ಕೆ ಬೇಕು. ಪುರಾವೆಯ ಚಿತ್ರಕ್ಕೆ ಬೇಕಾದದ್ದು ಕೋನಗಳು. ಪಕ್ಕದಿಂದ ಪೂರ್ತಿ ಮೈ, ಬೆನ್ನು, ಹಿಂದಿನಿಂದ ಸೊಂಟ ಮತ್ತು ಬಾಲ, ಎದುರಿನಿಂದ ಎದೆ, ಕಾಲು, ಮೈಮುರಿದಾಗ ಕಾಣುವ ರೆಕ್ಕೆಯ ಮೇಲ್ಮೈ, ಹಾರಿದಾಗಿನ ಕೆಳಮೈ. ಒಂದೇ ಭಂಗಿಯ ಐವತ್ತು ಚಿತ್ರಕ್ಕಿಂತ ಆರು ಕೋನಗಳ ಆರು ಚಿತ್ರ ಮೇಲು. ರಷ್ಯಾದ ಪೂರ್ವ ಕರಾವಳಿಯ ಸ್ಟೆಲ್ಲರ್ ಕಡಲಹದ್ದೊಂದು 2020ರಲ್ಲಿ ಅಲಾಸ್ಕಾದ ಒಳನಾಡಿನಲ್ಲಿ ಕಂಡಿತು. 2021ರಲ್ಲಿ ಅಂಥದೇ ಹದ್ದು ಕೆನಡಾದ ಪೂರ್ವ ಭಾಗದಲ್ಲಿ, ವರ್ಷದ ಕೊನೆಗೆ ಮ್ಯಾಸಚೂಸೆಟ್ಸ್ ಮತ್ತು ಮೇನ್ ರಾಜ್ಯಗಳಲ್ಲಿ ಕಾಣಿಸಿಕೊಂಡಿತು. ಖಂಡವನ್ನೇ ಅಡ್ಡಲಾಗಿ ದಾಟಿದ್ದು ಒಂದೇ ಹಕ್ಕಿ ಎಂಬ ತೀರ್ಮಾನಕ್ಕೆ ಆಧಾರವಾದದ್ದು ಬೇರೆ ಬೇರೆ ಜನ ತೆಗೆದ ಚಿತ್ರಗಳಲ್ಲಿ ಕಂಡ, ಅದರ ರೆಕ್ಕೆಯ ಮೇಲಿನ ವಿಶಿಷ್ಟ ಬಿಳಿ ಮಚ್ಚೆಗಳು. ಕೂತ ಹದ್ದಿನ ಮುಖವನ್ನಷ್ಟೇ ಎಲ್ಲರೂ ತೆಗೆದಿದ್ದರೆ ಅದು ತಿಳಿಯುತ್ತಿರಲಿಲ್ಲ.

ಬೆಳಕಿನ ಅಳತೆಯಲ್ಲಿ ಕ್ಯಾಮೆರಾ ಮೋಸಹೋಗುತ್ತದೆ. ಕಪ್ಪು ನೀರಿನ ಮೇಲೆ ಚಿಕ್ಕದಾಗಿ ಕಾಣುವ ಬಿಳಿ ಹಕ್ಕಿಯ ಗರಿಗಳ ವಿವರ ಸುಟ್ಟುಹೋಗದಿರಲು ಎಕ್ಸ್‌ಪೋಷರನ್ನು ಒಂದು ಸ್ಟಾಪಿನಷ್ಟು, ಅಂದರೆ ಬೆಳಕನ್ನು ಅರ್ಧಕ್ಕೆ, ತಗ್ಗಿಸಬೇಕು. ಬಿಳುಚಿದ ಆಕಾಶದ ಎದುರು ಹಾರುವ ಹಕ್ಕಿ ಬರೀ ಕಪ್ಪು ನೆರಳಾಗದಿರಲು ಒಂದರಿಂದ ಎರಡು ಸ್ಟಾಪ್ ಏರಿಸಬೇಕು. ಬಿಸಿಲೇರಿದ ಮೇಲೆ ಕೆಸರುಬಯಲಿನ ಮೇಲೆ ಬಿಸಿಗಾಳಿ ನಡುಗುತ್ತದೆ. ಆ ನಡುಕವನ್ನು ಯಾವ ದುಬಾರಿ ಲೆನ್ಸೂ ಸರಿಪಡಿಸಲಾರದು, ಆದ್ದರಿಂದ ಕೆಲಸವನ್ನು ಒಂಬತ್ತು ಗಂಟೆಯೊಳಗೆ ಮುಗಿಸುವುದು ಲೇಸು. ಎಲೆಕ್ಟ್ರಾನಿಕ್ ಷಟರ್ ಸದ್ದು ಮಾಡದಿದ್ದರೂ ಹಲವು ಕ್ಯಾಮೆರಾಗಳಲ್ಲಿ ವೇಗವಾಗಿ ಬಡಿಯುವ ರೆಕ್ಕೆಯನ್ನು ಸೊಟ್ಟಗೆ ತೋರಿಸುತ್ತದೆ. ಹಾರುವಾಗ ಯಾಂತ್ರಿಕ ಷಟರಿಗೆ ಬದಲಿಸಿ.

ಚಿತ್ರಗಳೂ ಸುಳ್ಳು ಹೇಳುತ್ತವೆ. ಉದ್ದ ಲೆನ್ಸಿನಲ್ಲಿ ಒಂದರ ಹಿಂದೊಂದು ನಿಂತ ಸಮಗಾತ್ರದ ಎರಡು ಹಕ್ಕಿಗಳಲ್ಲಿ ಹಿಂದಿನದೇ ದೊಡ್ಡದಾಗಿ ತೋರುತ್ತದೆ. ಕ್ಯಾಮೆರಾದತ್ತ ಸ್ವಲ್ಪ ತಿರುಗಿದ ಕೊಕ್ಕು ಇದ್ದದ್ದಕ್ಕಿಂತ ಗಿಡ್ಡವಾಗುತ್ತದೆ. ಸಂಜೆಯ ಹೊನ್ನಬೆಳಕು ಬೂದು ಹಕ್ಕಿಯನ್ನು ಕಂದಾಗಿಸುತ್ತದೆ. ಹಾಗಾಗಿ ಒಂದೇ ಚಿತ್ರದಿಂದ ತೀರ್ಪು ಕೊಡಬೇಡಿ. ಕಾಲಿನಲ್ಲಿ ಸಂಶೋಧಕರು ತೊಡಿಸಿದ ಬಣ್ಣದ ಬಾವುಟವೋ ಉಂಗುರವೋ ಕಂಡರೆ ಅದರ ಬಣ್ಣ, ಅಕ್ಷರ, ಯಾವ ಕಾಲು, ಮೊಣಕೀಲಿನ ಮೇಲೋ ಕೆಳಗೋ ಎಂಬುದು ತಿಳಿಯುವಂತೆ ಚಿತ್ರ ತೆಗೆಯಿರಿ. ಜೌಗುಹಕ್ಕಿಗಳಿಗೆ ತೊಡಿಸುವ ಬಾವುಟಗಳ ಬಣ್ಣವೇ ಅದನ್ನು ತೊಡಿಸಿದ ಪ್ರದೇಶವನ್ನು ಹೇಳುತ್ತದೆ.

ಎಂಟನೆಯ ಹೆಜ್ಜೆ: ಪಂಜರದಿಂದ ಬಂದದ್ದಲ್ಲವೇ ಎಂದು ಕೇಳಿಕೊಳ್ಳುವುದು

2018ರಲ್ಲಿ ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನ ಕೊಳದಲ್ಲಿ ಕಾಣಿಸಿಕೊಂಡ ಗಂಡು ಮ್ಯಾಂಡರಿನ್ ಬಾತನ್ನು ನೋಡಲು ಜನ ಮುಗಿಬಿದ್ದರು. ಪೂರ್ವ ಏಷ್ಯಾದ ಆ ಬಾತಿನ ಕಾಲಿನಲ್ಲಿ ಪಟ್ಟಿಯಿತ್ತು. ಅದು ಸಾಕಿದಲ್ಲಿಂದ ತಪ್ಪಿಸಿಕೊಂಡು ಬಂದದ್ದೆಂಬುದೇ ಬಲ್ಲವರ ಅಭಿಪ್ರಾಯವಾಗಿತ್ತು. ಬಾತು, ಹೆಬ್ಬಾತು, ಗಿಳಿ, ಮುನಿಯ ಜಾತಿಗಳಲ್ಲಿ ಈ ಪ್ರಶ್ನೆ ಸದಾ ಇರುತ್ತದೆ. ಸಂಧಿಯಿಲ್ಲದ ಲೋಹದ ಉಂಗುರ, ಕತ್ತರಿಸಿದ ರೆಕ್ಕೆಯ ತುದಿ ಅಥವಾ ಹಿಂಬೆರಳು, ಪಂಜರದ ಸರಳಿಗೆ ಉಜ್ಜಿ ಸವೆದ ಬಾಲ, ಕೈಯಿಂದ ತಿನ್ನಲು ಬರುವ ಸಲುಗೆ, ಆ ಜಾತಿ ಪಯಣಿಸದ ತಿಂಗಳು ಇವು ಅನುಮಾನದ ಕಾರಣಗಳು. ಇವಾವುದೂ ಕಾಣದಿದ್ದರೆ ಹಕ್ಕಿ ಕಾಡಿನದೆಂದು ಸಿದ್ಧವಾಗುವುದಿಲ್ಲ, ಆದರೆ ಇವನ್ನು ಹುಡುಕದೆ ಕಳುಹಿಸಿದ ವರದಿ ಅರೆಬರೆಯದಾಗುತ್ತದೆ.

ಒಂಬತ್ತನೆಯ ಹೆಜ್ಜೆ: ಯಾರಿಗೆ ಹೇಳುವುದು, ಎಷ್ಟು ಹೇಳುವುದು

ಮೊದಲು ಆ ಪ್ರದೇಶದ ಹಕ್ಕಿಗಳನ್ನು ಬಲ್ಲ ಒಬ್ಬಿಬ್ಬರಿಗೆ ತಿಳಿಸಿ. ಹೆಸರು ಹೇಳದೆ ಚಿತ್ರವನ್ನಷ್ಟೇ ಕಳುಹಿಸಿ ಅವರ ಅಭಿಪ್ರಾಯ ಕೇಳುವುದು ಉತ್ತಮ, ಏಕೆಂದರೆ ಹೆಸರು ಕೇಳಿದ ಮೇಲೆ ಎಲ್ಲರಿಗೂ ಅದೇ ಕಾಣುತ್ತದೆ. ಜಾಗವನ್ನು ಎಲ್ಲರಿಗೂ ಸಾರುವ ಮುನ್ನ ಮೂರು ಪ್ರಶ್ನೆಗಳಿಗೆ ಉತ್ತರ ಬೇಕು. ಹಕ್ಕಿ ಮೇಯುವ ಜಾಗ ಜನಜಂಗುಳಿಯನ್ನು ತಾಳುವಷ್ಟು ವಿಸ್ತಾರವಾಗಿದೆಯೇ? ನೆಲದ ಒಡೆಯರ ಒಪ್ಪಿಗೆಯಿದೆಯೇ? ಬೇಟೆಯ, ಹಿಡಿದು ಮಾರುವ ಅಪಾಯವಿದೆಯೇ? ಒಂದಕ್ಕಾದರೂ ಉತ್ತರ ಅನುಮಾನವಾಗಿದ್ದರೆ ಹಕ್ಕಿ ಹೋದ ಮೇಲೆ ತಿಳಿಸಿದರೆ ಸಾಕು, ಬೈದುಕೊಳ್ಳುವವರು ಬೈದುಕೊಳ್ಳಲಿ. ಫೋನಿನ ಚಿತ್ರದೊಳಗೆ ಸ್ಥಳದ ಅಕ್ಷಾಂಶ ರೇಖಾಂಶಗಳು ಅಡಗಿರುತ್ತವೆಂಬುದನ್ನು ಮರೆಯದೆ, ಹಂಚುವ ಪ್ರತಿಯಿಂದ ಅವನ್ನು ತೆಗೆದುಹಾಕಿ, ಮೂಲ ಕಡತದಲ್ಲಿ ಹಾಗೆಯೇ ಉಳಿಸಿ.

ದಾಖಲೆಗೆ ಇಬರ್ಡ್ ಎಂಬ ಜಾಲತಾಣ ಅನುಕೂಲಕರವಾದದ್ದು. ಕಾರ್ನೆಲ್ ಪಕ್ಷಿವಿಜ್ಞಾನ ಪ್ರಯೋಗಾಲಯವೂ ನ್ಯಾಷನಲ್ ಆಡುಬಾನ್ ಸೊಸೈಟಿಯೂ ಸೇರಿ 2002ರಲ್ಲಿ ಆರಂಭಿಸಿದ ಈ ವ್ಯವಸ್ಥೆಯಲ್ಲಿ ಅಸಾಮಾನ್ಯ ಹಕ್ಕಿಯನ್ನು ನಮೂದಿಸಿದರೆ ವಿವರಣೆ ಕೇಳುತ್ತದೆ, ಪ್ರಾದೇಶಿಕ ಪರಿಶೀಲಕರೊಬ್ಬರು ಅದನ್ನು ನೋಡುತ್ತಾರೆ. ಅಪಾಯದಲ್ಲಿರುವ ಕೆಲವು ಜಾತಿಗಳ ನಿಖರ ಸ್ಥಳವನ್ನು ಅದು ತಾನಾಗಿಯೇ ಮರೆಮಾಡುತ್ತದೆ. ವಿವರಣೆಯ ಜಾಗದಲ್ಲಿ "ಚಿತ್ರ ನೋಡಿ" ಎಂದಷ್ಟೇ ಬರೆಯದೆ, ಸ್ಥಳದಲ್ಲೇ ಬರೆದ ಟಿಪ್ಪಣಿಯನ್ನು ಇದ್ದಂತೆಯೇ ಸೇರಿಸಿ. ಯಾವ ಹೋಲಿಕೆಯ ಜಾತಿಯನ್ನು ಏಕೆ ಕೈಬಿಟ್ಟಿರಿ ಎಂಬುದನ್ನೂ ಹೇಳಿ.

ಪರಿಶೀಲಕರು ಒಪ್ಪದಿದ್ದರೆ ಮುನಿಸಿಕೊಳ್ಳುವವರಿದ್ದಾರೆ. ಅಂಥ ಬಿಗಿ ಏಕೆ ಬೇಕೆಂಬುದಕ್ಕೆ ಹೇಸ್ಟಿಂಗ್ಸ್ ಪ್ರಕರಣವೇ ಸಾಕ್ಷಿ. ಇಂಗ್ಲೆಂಡಿನ ಆ ಊರಿನ ಸುತ್ತಮುತ್ತ 1892ರಿಂದ 1930ರವರೆಗೆ ಸಿಕ್ಕಿದವೆಂದು ಹೇಳಲಾಗಿದ್ದ ಅಪರೂಪದ ಹಕ್ಕಿಗಳ ನೂರಾರು ದಾಖಲೆಗಳನ್ನು 1962ರಲ್ಲಿ ಮರುಪರಿಶೀಲಿಸಿ, ನಂಬಲರ್ಹವಲ್ಲವೆಂದು ಪಟ್ಟಿಯಿಂದ ತೆಗೆದುಹಾಕಲಾಯಿತು. ಒಂದು ಸಣ್ಣ ಪ್ರದೇಶದಲ್ಲಿ ಅಷ್ಟೊಂದು ಅಪರೂಪಗಳು ಸಿಗುವುದು ಸಂಖ್ಯಾಶಾಸ್ತ್ರದ ದೃಷ್ಟಿಯಿಂದಲೇ ನಂಬುವಂತಿರಲಿಲ್ಲ. ಅದಕ್ಕೆ ಮೂರು ವರ್ಷ ಮೊದಲು, 1959ರಲ್ಲಿ, ಅಪರೂಪದ ಹಕ್ಕಿಗಳ ವರದಿಗಳನ್ನು ತೂಗಿನೋಡಲು ಬ್ರಿಟನ್ನಿನಲ್ಲಿ ಒಂದು ಸಮಿತಿಯೇ ಹುಟ್ಟಿಕೊಂಡಿತ್ತು. "ಸಾಬೀತಾಗಿಲ್ಲ" ಎಂಬ ತೀರ್ಪು ನೀವು ನೋಡಲೇ ಇಲ್ಲವೆಂದು ಹೇಳುವುದಿಲ್ಲ. ನೀವು ಕೊಟ್ಟದ್ದರಿಂದ ಮೂರನೆಯವರಿಗೆ ಖಚಿತವಾಗಲಿಲ್ಲವೆಂದಷ್ಟೇ ಹೇಳುತ್ತದೆ.

ತಿರಸ್ಕೃತವಾದ ವರದಿಯ ಕಡತಗಳನ್ನೂ ಅಳಿಸಬೇಡಿ. ಮೂಲ ಚಿತ್ರಗಳನ್ನು, ಮಸುಕಾದವನ್ನೂ ಸೇರಿಸಿ, ಎರಡು ಬೇರೆ ಕಡೆ ಇಡಿ. ಕಡತದ ಹೆಸರಿನಲ್ಲೇ ದಿನಾಂಕ ಮತ್ತು ಜಾಗ ಇರಲಿ. ಟಿಪ್ಪಣಿ ಪುಸ್ತಕದ ಆ ಪುಟದ ಚಿತ್ರವೂ ಅವುಗಳ ಜೊತೆಗಿರಲಿ. ಒಂದೇ ಜಾತಿಯೆಂದು ತಿಳಿದಿದ್ದುದನ್ನು ಪಕ್ಷಿವಿಜ್ಞಾನಿಗಳು ಆಗಾಗ ಎರಡಾಗಿ ಬೇರ್ಪಡಿಸುತ್ತಾರೆ. ಆಗ ಹೊಸ ಪ್ರಶ್ನೆ ಏಳುತ್ತದೆ, ಹತ್ತು ವರ್ಷದ ಹಿಂದೆ ಬಂದಿದ್ದ ಹಕ್ಕಿ ಈ ಎರಡರಲ್ಲಿ ಯಾವುದು ಎಂದು. ಯಾರೂ ಮೆಚ್ಚದಿದ್ದ, ಬಾಲದ ಅಂಚು ಮಾತ್ರ ಕಾಣುವ ಮಸುಕು ಚಿತ್ರವನ್ನು ಆಗ ಹುಡುಕಿ ತೆಗೆಯಬೇಕಾಗುತ್ತದೆ.